ಒಂದಕ್ಕೆ ನಾಲ್ಕು

ಖಾನಾಪುರದಲ್ಲಿ ನಮ್ಮ ಮಾವನವರದು ಬರ್ಫದ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ. ಮನೆಯೂ ಅದರ ಬೆನ್ನಿಗೇ ಅಂಟಿಕೊಂಡಿತ್ತು. ಅಡುಗೆಮನೆಯಲ್ಲಿ ಒಗ್ಗರಣೆಗಿಂತ ಅಮೋನಿಯದ ಘಾಟೇ ಹೆಚ್ಚು. ಎಂಬತ್ತರ ದಶಕದ ಶುರುವಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಸೊಸೆಯಾಗಿ ಅಲ್ಲಿಗೆ ಬಂದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಕಂಪ್ರೆಸರ್ ತಯಾರಿಸುವವರು ನನ್ನನ್ನು ಕೆಲಸಕ್ಕೆ ಕರೆದಿದ್ದರು. ಆದರೆ ಮಾವನವರು ಹ್ಞೂಂ ಅನ್ನದೆ ಹೊಸ್ತಿಲು ದಾಟುವಂತಿರಲಿಲ್ಲ. ನನ್ನ ಗಂಡನಿಗಂತೂ ಅವರೆದುರು ಬಾಯಿಯೇ ಇರಲಿಲ್ಲ.

"ನಮ್ಮ ಮಷೀನ್ ಎಷ್ಟ ಚಲೋ ಐತಿ ಲೆಕ್ಕಾ ಮಾಡಿ ತೋರಸ ಯವ್ವಾ. ನೀ ಕಲತದ್ದು ಖರೇ ಅಂತ ತಿಳದ ಮ್ಯಾಲ ನೌಕರಿ ಮಾತ ನೋಡೂಣು," ಅಂದರು ಒಂದಿನ.

ನನಗೆ ಅಷ್ಟೇ ಸಾಕಿತ್ತು. ಸೆರಗು ಸಿಕ್ಕಿಸಿಕೊಂಡು ಮಷೀನಿನ ಒತ್ತಡ, ಉಷ್ಣತೆ ಓದಿಕೊಂಡೆ. ಮಷೀನಿನೊಳಗೆ ಸುತ್ತುವ ಅಮೋನಿಯ ಎಲ್ಲೆಲ್ಲಿ ಎಷ್ಟು ಶಾಖ ಹೊತ್ತಿರುತ್ತದೆಂದು ಪುಸ್ತಕದ ಕೋಷ್ಟಕದಲ್ಲಿ ಹುಡುಕಿದೆ. ಬರ್ಫದ ತೊಟ್ಟಿಯಲ್ಲಿ ಅದು ಹೀರಿಕೊಂಡ ಶಾಖವನ್ನು, ಕಂಪ್ರೆಸರ್ ಅದರ ಮೇಲೆ ಮಾಡಿದ ಕೆಲಸದಿಂದ ಭಾಗಿಸಿದೆ. ನಾಲ್ಕು ಬಂತು.

"ಮಾವಾರ, ಮಷೀನಿನ ದಕ್ಷತೆ ನಾಕು ಐತ್ರಿ."

ದಕ್ಷತೆ ಅಂದದ್ದೇ ಎಡವಟ್ಟಾಯಿತು.

"ನೂರಕ್ಕ ನಾಕ?"

"ಅಲ್ರೀ. ಒಂದಕ್ಕ ನಾಕು."

"ಒಂದ ಕೊಟ್ಟ ನಾಕ ತಗೊಳ್ಳೂದು? ಹಂಗಂತ ಟೋಪಿ ಹಾಕವ್ರನ್ನ ನಾವು ಅಂಗಡಿ ಕಟ್ಟಿ ಹತ್ತಗೊಡೂದಿಲ್ಲ!"

ಮನೆಯೆಲ್ಲ ನಕ್ಕಿತು. ಗಂಡನೂ ನಕ್ಕ, ಆ ನಗೆಯನ್ನು ಇವತ್ತಿಗೂ ಮರೆತಿಲ್ಲ. ಸಿಟ್ಟಿನಲ್ಲೇ ಮಾವನವರನ್ನು ಹಿತ್ತಲಿಗೆ ಕರೆದೊಯ್ದು, ಕಂಪ್ರೆಸರಿನಿಂದ ಹೊರಬರುವ ಪೈಪನ್ನು ಮುಟ್ಟಲು ಹೇಳಿದೆ. ಮುಟ್ಟಿದವರೇ ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಮಷೀನ್ ಥಂಡಿ ಹುಟ್ಟಸೂದಿಲ್ರೀ. ಒಳಗಿನ ಬಿಸಿ ಹೊತ್ತು ಹೊರಗ ಹಾಕತೈತಿ. ಕರೆಂಟು ಆ ಹೊರೂ ಕೆಲಸಕ್ಕಷ್ಟ. ಒಂದ ಪಾಲು ಕರೆಂಟಿಗೆ ನಾಕ ಪಾಲು ಬಿಸಿ ಹೊರತೈತಿ."

ಬೆರಳಿಗೆ ಗಾಳಿ ಊದಿಕೊಳ್ಳುತ್ತ, "ಖರೇ ಐತಿ," ಅಂದರು. ಸಂಜೆ ಮನೆಗೆ ಬಂದವರನ್ನೆಲ್ಲ ಹಿತ್ತಲಿಗೆ ಕರೆದು ಪೈಪು ಮುಟ್ಟಿಸಿದರು.

"ಹಂಗಾರ ಉದ್ಯಮಬಾಗಕ್ಕ ಹೋಗ್ಲಿರಿ?" ಅಂತ ಕೇಳಿದೆ.

"ಇಷ್ಟ ಗೊತ್ತಿದ್ದಾಕಿನ್ನ ಮಂದಿ ಕಾರ್ಖಾನಿಗೆ ಕಳಸ್ತಾರೇನ ಯವ್ವಾ? ಇನ್ನ ಈ ಮಷೀನ್ ನಿನ್ನದ."

ಅತ್ತೆಯವರು ಕಾರ್ಖಾನೆಯ ಕೀಲಿಕೈ ತಂದು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು. ಪುಣ್ಯವಂತೆ ಅಂದರು ಎಲ್ಲರೂ. ಮಾವನವರು ನಕ್ಕು ಸುಮ್ಮನಾಗಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆ. ಅವರು ನಂಬಿಬಿಟ್ಟರು.