ದೊಡ್ಡಮ್ಮ ಕೆತ್ತದ ಸಾಲು

ನಮ್ಮ ಅಂಗಳಕ್ಕೆ ಹಾಸಿರುವ ಕಲ್ಲುಗಳೆಲ್ಲ ಬೋರಲು ಮಲಗಿವೆ. ಒಟ್ಟು ಹನ್ನೊಂದು. ಪ್ರತಿಯೊಂದರ ಅಡಿಯಲ್ಲೂ ಯಾರದೋ ಹೆಸರಿದೆ, ಆ ಹೆಸರಿನಲ್ಲೋ ತಾರೀಖಿನಲ್ಲೋ ಒಂದು ತಪ್ಪಿದೆ. ನನ್ನ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ, ಸಮಾಧಿ ಕಲ್ಲುಗಳಿಗೆ ಅಕ್ಷರ ಕೆತ್ತುವವಳು. ಮೂವತ್ತೆಂಟು ವರ್ಷದಲ್ಲಿ ಅವಳು ಕೆಡಿಸಿದ್ದು ಈ ಹನ್ನೊಂದೇ. ಬಾಗಿಲ ಪಕ್ಕದ್ದು ಅವಳ ಹದಿನಾರನೇ ವಯಸ್ಸಿನದು. ಹುಟ್ಟಿದ ವರ್ಷದ ಜಾಗದಲ್ಲಿ ಸತ್ತ ವರ್ಷ ಕೆತ್ತಿಬಿಟ್ಟಿದ್ದಳಂತೆ. "ಪಾಪ, ಆ ಮನುಷ್ಯ ಬದುಕೋಕೆ ಮುಂಚೇನೇ ಹೋಗ್ಬಿಟ್ಟ," ಎಂದು ಈಗಲೂ ಅದರ ಮೇಲೆ ಕಾಲಿಡುವಾಗ ನಗುತ್ತಾಳೆ.

ಬೀದಿಯವರು ಅವಳನ್ನು ಕಲ್ಲಕ್ಕ ಎನ್ನುತ್ತಾರೆ. ಅವಳು ದೇವರನ್ನು ನಂಬುವುದಿಲ್ಲ ಎಂಬುದೂ ಬೀದಿಗೆಲ್ಲ ಗೊತ್ತು. ಅವಳು ಅದನ್ನು ಮುಚ್ಚಿಟ್ಟಿಲ್ಲ, ಡಂಗುರವನ್ನೂ ಸಾರಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾಳೆ, ಕೇಳದಿದ್ದರೆ ಕೆಲಸ ಮಾಡುತ್ತಾಳೆ.

ನಮ್ಮಲ್ಲಿ ಮೂರು ಸ್ಮಶಾನಗಳಿವೆ. ಮೂರು ಮತದವರಿಗೆ ಮೂರು ಗೇಟು, ನಡುವೆ ಎತ್ತರದ ಗೋಡೆಗಳು. ಮೂವರ ಪ್ರಾರ್ಥನೆಯೂ ದೊಡ್ಡಮ್ಮನಿಗೆ ಬಾಯಿಪಾಠ. ಕೆತ್ತಿ ಮುಗಿದ ಮೇಲೆ ಅವಳು ಕೊನೆಯ ಅಕ್ಷರದಿಂದ ಮೊದಲ ಅಕ್ಷರದವರೆಗೆ ಬೆರಳಿಟ್ಟು ಹಿಂದುಹಿಂದಕ್ಕೆ ಓದುತ್ತಾಳೆ. ಮುಂದಿನಿಂದ ಓದಿದರೆ ಕಣ್ಣು ತಾನು ಅಂದುಕೊಂಡದ್ದನ್ನೇ ಓದುತ್ತದೆ, ಕಲ್ಲಿನಲ್ಲಿ ಇರುವುದನ್ನಲ್ಲ ಎನ್ನುವುದು ಅವಳ ಮಾತು. ತಾನು ನಂಬದ ಮಾತಿನಲ್ಲಿ ಒಂದು ಕೊಂಬು ತಪ್ಪಿದರೂ ಅವಳಿಗೆ ಅನ್ನ ಇಳಿಯುವುದಿಲ್ಲ.

ಒಮ್ಮೆ ನಮ್ಮ ಸ್ಮಶಾನದ ಹಿರಿಯರು ಒಂದು ಚೀಟಿ ಹಿಡಿದುಕೊಂಡು ಬಂದರು. ಅಲ್ಲಿ ಯಾವ ಕಲ್ಲು ನಿಲ್ಲಬೇಕು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವವರು ಅವರೇ. ಚೀಟಿಯನ್ನು ಕೈಗೆ ಕೊಡುತ್ತಲೇ ಅಂದರು, "ನಂಬದೇ ಇರೋ ಕೈಯಲ್ಲಿ ನಮ್ಮ ಪ್ರಾರ್ಥನೆ ಬರೆಸೋದು ನನಗ್ಯಾಕೋ ಸರಿ ಕಾಣಲ್ಲಮ್ಮ."

"ಬೇರೆ ಕಡೆ ಬರೆಸಿ ಯಜಮಾನ್ರೇ, ನನಗೇನೂ ಬೇಜಾರಿಲ್ಲ," ಎಂದಳು ದೊಡ್ಡಮ್ಮ. "ಆದ್ರೆ ಬರೆಸೋಕೆ ಮುಂಚೆ ಎರಡನೇ ಸಾಲು ನೋಡ್ಕೊಳ್ಳಿ. ಒಂದು ಮಾತು ಬಿಟ್ಟುಹೋಗಿದೆ."

ಹಿರಿಯರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ತಾವೇ ತಿದ್ದಿ, ಚೀಟಿಯನ್ನು ಅಲ್ಲೇ ಇಟ್ಟು ಹೋದರು.

ಅವಳು ಹಾಸ್ಯ ಮಾಡುವುದು ಮನೆಯಲ್ಲಿ ಮಾತ್ರ. ಒಂದು ಮಧ್ಯಾಹ್ನ ಒಂದೇ ಚಪ್ಪಡಿಯನ್ನು ಎರಡಾಗಿ ಸೀಳಿದಳು. ಕಪ್ಪು ಕಲ್ಲಿನಲ್ಲಿ ಒಂದು ಬಿಳಿ ಎಳೆ ಈ ತುದಿಯಿಂದ ಆ ತುದಿಗೆ ಓಡಿತ್ತು. ಅರ್ಧ ಒಂದು ಸ್ಮಶಾನಕ್ಕೆ ಹೋಯಿತು, ಅರ್ಧ ಗೋಡೆಯಾಚೆಯ ಇನ್ನೊಂದಕ್ಕೆ. ಆ ಎರಡು ಸಮಾಧಿಯವರು ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. "ಗೋಡೆ ಕಟ್ಟಿದ್ದಾರೆ ಸರಿ," ಎಂದಳು ದೊಡ್ಡಮ್ಮ, "ಆ ಎಳೆ ಈಗಲೂ ಆ ಕಡೆಯಿಂದ ಈ ಕಡೆಗೆ ಬರ್ತಾನೇ ಇದೆ. ಗೊತ್ತಿರೋದು ನನಗೊಬ್ಬಳಿಗೆ."

"ನನಗೂ ಗೊತ್ತು," ಎಂದಳು ಅಜ್ಜಿ ಮೂಲೆಯಿಂದ. "ನಯ ಮಾಡಿದ್ದು ನಾನು."

ಅಜ್ಜಿ ದೊಡ್ಡಮ್ಮನ ತಾಯಿ. ಮದುವೆಯಾಗಿ ಬಂದ ದಿನದಿಂದ ಅವಳ ಕೆಲಸ ಮರಳು ನೀರು ಹಾಕಿ ಕಲ್ಲು ಉಜ್ಜುವುದು. ಕಲ್ಲಿನಲ್ಲಿ ಮುಖ ಕಾಣುವವರೆಗೆ ಉಜ್ಜಬೇಕು. ಅಕ್ಷರದ ಕೆಲಸ ತಾತನದು. ಉಜ್ಜುವ ಕೈ ಬೇರೆ, ಅಕ್ಷರದ ಕೈ ಬೇರೆ ಎಂದು ಅವರು ಅಜ್ಜಿಗೆ ಉಳಿ ಮುಟ್ಟಲು ಬಿಟ್ಟಿರಲಿಲ್ಲ. ಗಂಡುಮಕ್ಕಳಿಲ್ಲದ್ದರಿಂದ ದೊಡ್ಡಮ್ಮನಿಗೆ ಕಲಿಸಿದರು. ಅರವತ್ತೆರಡು ವರ್ಷದ ಉಜ್ಜಾಟದಲ್ಲಿ ಅಜ್ಜಿಯ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಕೊನೆಕೊನೆಗೆ ಕಣ್ಣು ಮಂಜಾಗಿದ್ದರಿಂದ ಆ ಬೆರಳಿನಿಂದಲೇ ಅವಳು ಅಕ್ಷರ ಓದುತ್ತಿದ್ದಳು.

ಅಜ್ಜಿಗೆ ದೇವರ ಮೇಲೆ ಪೂರ್ತಿ ನಂಬಿಕೆ. ತಾಯಿ ಮಗಳು ಇದೇ ವಿಷಯಕ್ಕೆ ದಿನಾ ಜಟಾಪಟಿ ಆಡುತ್ತಿದ್ದರು.

"ಇಷ್ಟು ವರ್ಷ ಕೆತ್ತಿದೀನಿ. ಒಬ್ಬರಾದ್ರೂ ಎದ್ದು ಬಂದು ಅಕ್ಷರ ಸೊಟ್ಟಗಿದೆ ಅಂದಿದ್ದಾರೇನಮ್ಮ?"

"ನಾನು ಬಂದು ಹೇಳ್ತೀನಿ ತಾಳು," ಎನ್ನುತ್ತಿದ್ದಳು ಅಜ್ಜಿ.

ಕಳೆದ ವರ್ಷ ಡಾಕ್ಟರು ಅಜ್ಜಿಯ ಹೃದಯ ಸೋತಿದೆ, ಹೆಚ್ಚು ದಿನವಿಲ್ಲ ಎಂದರು. ಮನೆಗೆ ಬಂದವಳೇ ಅಜ್ಜಿ ಷೆಡ್ಡಿನಲ್ಲಿದ್ದ ಕಲ್ಲುಗಳನ್ನೆಲ್ಲ ತಟ್ಟಿ ನೋಡಿ ಒಂದನ್ನು ಆರಿಸಿದಳು. "ನಂದು ನಾನಿರುವಾಗ್ಲೇ ಆಗ್ಬೇಕು. ಆಮೇಲೆ ನಯ ಸರಿಯಾಗಿದೆಯೋ ಇಲ್ವೋ ಯಾರು ನೋಡ್ತಾರೆ?" ಎಂದು ದಿನಕ್ಕಿಷ್ಟು ಎಂದು ಕೂತು ತಾನೇ ಉಜ್ಜಿದಳು. ಒಂದು ತಿಂಗಳು ಹಿಡಿಯಿತು. ಆಮೇಲೆ ಮಗಳನ್ನು ಕರೆದಳು.

"ಹೆಸರು ಹಾಕು. ವರ್ಷ ಹಾಕು. ಕೆಳಗೆ, ಮತ್ತೆ ಕಾಣೋಣ ಅಂತ ಹಾಕು."

ದೊಡ್ಡಮ್ಮನ ಕೈಯ ಸೀಮೆಸುಣ್ಣ ನಿಂತಿತು. "ಹೆಸರು, ವರ್ಷ ಹಾಕ್ತೀನಿ. ಅದು ಬೇಡಮ್ಮ."

"ಯಾಕೆ? ಊರೋರಿಗೆಲ್ಲ ಹಾಕಿದೀಯಲ್ಲ? ಎಷ್ಟು ಜನಕ್ಕೆ ಹಾಕಿದೀಯ ಹೇಳು."

"ನೂರಾರು ಜನಕ್ಕೆ."

"ಆಗ ಕೈ ನೋಯ್ಲಿಲ್ಲ. ಹೆತ್ತೋಳಿಗೆ ಹಾಕೋಕೆ ನೋಯುತ್ತಾ?"

"ಅದು ಅವರವರ ಮಾತು. ಅವರು ಹೇಳಿದ್ರು, ನಾನು ಕೆತ್ತಿದೆ. ನಿನ್ನ ಕಲ್ಲಲ್ಲಿ ಮತ್ತೆ ಕಾಣೋಣ ಅನ್ನೋಳೂ ನಾನೇ, ಕೆತ್ತೋಳೂ ನಾನೇ. ಅದು ನಾನು ನಿನಗೆ ಕೊಡೋ ಮಾತಾಗುತ್ತೆ."

"ಕೊಡು. ನಿನ್ನ ಗಂಟೇನು ಹೋಗುತ್ತೆ? ಸಾಯೋ ಮುದುಕಿಗೆ ಒಂದು ಸುಳ್ಳು ಹೇಳಿದ್ರೆ ನಿನ್ನ ನಾಲಿಗೆ ಬಿದ್ದುಹೋಗುತ್ತಾ?"

ದೊಡ್ಡಮ್ಮ ಕಲ್ಲಿನ ಮೇಲಿನ ದೂಳನ್ನು ಅಂಗೈಯಲ್ಲಿ ಒರೆಸಿದಳು. "ಇಷ್ಟು ದಿನ ನಿನಗೆ ಒಂದೂ ಸುಳ್ಳು ಹೇಳಿಲ್ಲ. ಕೊನೇಲಿ ಹೇಳಿದ್ರೆ ನಿನ್ನ ಪಕ್ಕ ಕೂತಿರೋಳು ನಾನಾಗಿರಲ್ಲ, ಇನ್ಯಾರೋ ಆಗಿರ್ತಾಳೆ. ಮತ್ತೆ ಸಿಗ್ತೀಯ ಅಂತ ನಾನು ನಂಬಿದ್ದಿದ್ರೆ, ಇವತ್ತು ನಿನ್ನ ಕಾಲು ಒತ್ತೋದನ್ನ ನಾಳೆಗೆ ಹಾಕ್ತಿದ್ದೆ ಕಣಮ್ಮ. ಸಿಗಲ್ಲ ಅಂತ ಗೊತ್ತಿರೋದಕ್ಕೇ ದಿನಾ ಒತ್ತೋದು."

ಅಜ್ಜಿ ಮುಖ ತಿರುಗಿಸಿಕೊಂಡಳು. "ನಿನ್ನ ಹೊಟ್ಟೇಲೂ ಕಲ್ಲೇ ಇರೋದು," ಎಂದಳು.

ನಾಲ್ಕು ದಿನ ಇಬ್ಬರೂ ಮಾತಾಡಲಿಲ್ಲ. ಹೇಳಲೇಬೇಕಾದದ್ದನ್ನು ಆ ಕಲ್ಲಿಗೆ ಹೇಳುತ್ತಿದ್ದರು. "ನೀರು ಕಾದಿದೆ," ಎಂದು ದೊಡ್ಡಮ್ಮ ಕಲ್ಲಿಗೆ ಹೇಳುವಳು. "ಬಂದೆ ಅಂತ ಹೇಳು," ಎಂದು ಅಜ್ಜಿಯೂ ಕಲ್ಲಿಗೇ ಹೇಳುವಳು. ಕಾಲು ಒತ್ತುವುದು ಮಾತ್ರ ನಿಲ್ಲಲಿಲ್ಲ. ಅಜ್ಜಿ ಮಾತಾಡದೆ ಕಾಲು ಚಾಚುತ್ತಿದ್ದಳು, ದೊಡ್ಡಮ್ಮ ಮಾತಾಡದೆ ಒತ್ತುತ್ತಿದ್ದಳು. ಹೆಸರು ಕೆತ್ತಿಯಾಗಿತ್ತು. ಅದರ ಕೆಳಗಿನ ಜಾಗ ಖಾಲಿ ಇತ್ತು. ಅಜ್ಜಿ ಬೆಳಿಗ್ಗೆ ಎದ್ದು ಮೊದಲು ಆ ಜಾಗವನ್ನು ಸವರಿ ನೋಡುತ್ತಿದ್ದಳು.

ಐದನೇ ದಿನ ಬೆಳಿಗ್ಗೆ ಅವಳು ಸವರುವ ಹೊತ್ತಿಗೆ ಅಲ್ಲಿ ಸೀಮೆಸುಣ್ಣದ ಪುಡಿ ಬೆರಳಿಗೆ ಹತ್ತಿತು. ದೊಡ್ಡಮ್ಮ ಐದು ಅಕ್ಷರಗಳನ್ನು ಬರೆದು, ಕಲ್ಲಿನ ಮುಂದೆ ಮಣೆ ಹಾಕಿ ಕಾಯುತ್ತಿದ್ದಳು.

"ಬಾ ಕೂತ್ಕೋ. ನಿನ್ನ ಮಾತು, ನೀನೇ ಹೊಡಿ. ಉಳಿ ನಾನು ಹಿಡೀತೀನಿ."

ಅಜ್ಜಿ ನಿಂತೇ ಇದ್ದಳು. "ನನಗೆ ಬರಲ್ಲ ಕಣೇ."

"ನನಗೂ ಬರ್ತಿರ್ಲಿಲ್ಲ. ಅಂಗಳದಲ್ಲಿ ಹನ್ನೊಂದು ಬಿದ್ದಿವೆ ನೋಡು."

"ನಿಮ್ಮಪ್ಪ ಇದ್ದಿದ್ರೆ ಮುಟ್ಟೋಕೆ ಬಿಡ್ತಿದ್ರಾ?"

"ಅಪ್ಪ ಇಲ್ಲ. ನಾನಿದೀನಿ. ಹೊಡಿ."

ಅಜ್ಜಿ ಎಂಬತ್ತು ದಾಟಿದ ಮೇಲೆ ಮೊದಲ ಸಲ ಸುತ್ತಿಗೆ ಹಿಡಿದಳು. ಮೊದಲ ಏಟು ಮೆಲ್ಲಗೆ ಬಿತ್ತು. ಎರಡನೆಯದು ಉಳಿಯನ್ನು ಬಿಟ್ಟು ದೊಡ್ಡಮ್ಮನ ಹೆಬ್ಬೆರಳಿಗೆ ಬಿತ್ತು.

"ಬೆರಳಿಗೆ ಬಿತ್ತಾ?"

"ಇಲ್ಲಮ್ಮ. ಉಳಿಗೇ ಬಿತ್ತು. ಹೊಡಿ."

ಸಂಜೆಗೆ ಆ ಉಗುರು ನೀಲಿಯಾಯಿತು. ನನಗೆ ಗೊತ್ತಿರುವ ಹಾಗೆ ದೊಡ್ಡಮ್ಮ ತನ್ನ ತಾಯಿಗೆ ಹೇಳಿದ ಸುಳ್ಳು ಅದೊಂದೇ.

ದಿನಕ್ಕೊಂದೇ ಅಕ್ಷರ. ಅದಕ್ಕಿಂತ ಹೆಚ್ಚು ಹೊಡೆಯಲು ಅಜ್ಜಿಗೆ ಉಸಿರು ಸಾಲುತ್ತಿರಲಿಲ್ಲ. ಎರಡನೇ ದಿನ ತಕಾರದ ಒತ್ತು ಕೆತ್ತುವಾಗ ಒಂದು ಚಕ್ಕೆ ಎದ್ದು ಹಾರಿತು. ಅಜ್ಜಿ ಆ ಗಾಯದ ಮೇಲೆ ಬೆರಳಾಡಿಸಿ ಸುತ್ತಿಗೆ ಕೆಳಗಿಟ್ಟಳು. ಚಕ್ಕೆ ಎದ್ದ ಕಲ್ಲು ನಮ್ಮ ಷೆಡ್ಡಿನಿಂದ ಹೊರಗೆ ಹೋಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಹನ್ನೆರಡನೇದು. ಬೋರಲು ಹಾಕು," ಎಂದಳು. ಅವಳ ದನಿ ಸಣ್ಣದಾಗಿತ್ತು. ಇನ್ನೊಂದು ಕಲ್ಲು ಉಜ್ಜುವಷ್ಟು ದಿನ ಅವಳ ಹತ್ತಿರ ಇರಲಿಲ್ಲ.

ದೊಡ್ಡಮ್ಮ ಸುತ್ತಿಗೆಯನ್ನು ಎತ್ತಿ ಮತ್ತೆ ಅವಳ ಕೈಗಿಟ್ಟಳು. "ಇದು ಹೋಗುತ್ತೆ," ಎಂದಳು. "ಕಾ ಶುರು ಮಾಡೋದು ನಾಳೆ. ಇವತ್ತು ಈ ಎತ್ವ ಮುಗಿಸು."

ಐದನೇ ಅಕ್ಷರ ಮುಗಿದಾಗ ಅಜ್ಜಿ ಕೊನೆಯಿಂದ ಮೊದಲಿನವರೆಗೆ ಬೆರಳಿಟ್ಟು ಓದಿದಳು. ಸಾಲು ಬಲಕ್ಕೆ ಹೋಗುತ್ತಾ ಇಳಿಜಾರಾಗಿತ್ತು. "ಥೂ, ಕುಡುಕ ನಡೆದ ಹಾಗಿದೆ," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ದಿನ ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ಕರೆದು ಮುಟ್ಟಿ ನೋಡು ಎಂದಳು.

ಮೂರು ವಾರದ ನಂತರ ಒಂದು ಬೆಳಿಗ್ಗೆ, ದೊಡ್ಡಮ್ಮ ಕಾಲು ಒತ್ತುತ್ತಿದ್ದಾಗಲೇ, ಅಜ್ಜಿ ಹೋದಳು. ದೊಡ್ಡಮ್ಮ ಕೂಡಲೇ ಕೈ ತೆಗೆಯಲಿಲ್ಲ. ಇನ್ನೊಂದು ಕಾಲನ್ನೂ ಒತ್ತಿ ಮುಗಿಸಿ ಎದ್ದಳು.

ಸತ್ತ ವರ್ಷವನ್ನು ಕೆತ್ತಿದ ಮೇಲೆ ಅವಳು ಹೆಸರಿನ ಕೆಳಗೆ ತನ್ನದೊಂದು ಸಾಲು ಸೇರಿಸಿದಳು: ಅರವತ್ತೆರಡು ವರ್ಷ ಕಲ್ಲಿಗೆ ನಯ ಕೊಟ್ಟವಳು. ಅದು ಅವಳಿಗೆ ಖಂಡಿತವಾಗಿ ಗೊತ್ತಿದ್ದ ಮಾತು. ಆ ಅಕ್ಷರಗಳು ಅಚ್ಚು ಹಾಕಿದಂತಿದ್ದವು. ಅದರ ಕೆಳಗೆ ಅಜ್ಜಿಯ ಸಾಲು ವಾಲಿಕೊಂಡು ನಿಂತಿತ್ತು.

ಕಲ್ಲು ನಿಲ್ಲಿಸುವ ದಿನ ಹಿರಿಯರು ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮ ಇದು, ಕೊನೇ ಸಾಲು ಹೀಗೆ? ಒತ್ತು ಒಡೆದಿದೆ. ಇಷ್ಟು ವರ್ಷದಲ್ಲಿ ನಿನ್ನ ಕಲ್ಲಲ್ಲಿ ಇಂಥದ್ದು ನಾನು ನೋಡಿಲ್ಲ. ಒಂದು ವಾರ ಬಿಟ್ಟು ನಿಲ್ಲಿಸೋಣ, ತಿದ್ದಿಕೊಂಡು ಬಾ."

"ಅದು ನನ್ನ ಕೈಯದಲ್ಲ ಯಜಮಾನ್ರೇ, ಅಮ್ಮನದು. ಅವಳ ನಂಬಿಕೆ, ಅವಳ ಏಟು. ನಾನು ತಿದ್ದಿದ್ರೆ ಅದು ಸುಳ್ಳಾಗುತ್ತೆ."

ಹಿರಿಯರು ಬಗ್ಗಿ ಆ ಐದು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗುಂಡಿ ತೋಡಿದವನ ಕಡೆ ತಿರುಗಿ, "ನಿಲ್ಲಿಸಪ್ಪ. ನೆಟ್ಟಗೆ ನಿಲ್ಲಿಸು," ಎಂದರು.

ಈಗ ಆ ಕಡೆ ಬೇರೆ ಯಾರದಾದರೂ ಕಲ್ಲು ನಿಲ್ಲಿಸಲು ಹೋದಾಗಲೆಲ್ಲ ದೊಡ್ಡಮ್ಮ ಅಜ್ಜಿಯ ಕಲ್ಲಿನ ಮುಂದೆ ಕೂತು ಅಕ್ಷರಗಳ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಾಳೆ. ಕೈ ಮುಗಿಯುವುದಿಲ್ಲ, ಏನನ್ನೂ ಗೊಣಗುವುದಿಲ್ಲ. ಹೋದ ವಾರ ಹಿರಿಯರು ಅದನ್ನು ಕಂಡು ಗೇಟಿನಿಂದಲೇ ಚುಚ್ಚಿದರು.

"ಏನಮ್ಮ ಕಲ್ಲಕ್ಕ, ಸತ್ತೋರು ಎಲ್ಲೂ ಇಲ್ಲ ಅನ್ನೋಳು ಯಾರನ್ನ ನೋಡೋಕೆ ಬಂದೆ?"

ದೊಡ್ಡಮ್ಮ ಎದ್ದು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅಮ್ಮನ ಕೆಲಸ ನೋಡೋಕೆ," ಎಂದಳು.