ಅಲೆತಗಡಿನ ದಪ್ಪ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಎಮ್ಮೆ ಕಾಯುವವರ ಮಗಳು, ಗುಂಜಿಯಿಂದ ರೈಲಿನಲ್ಲಿ ಓಡಾಡಿ ಬಿ.ಎಸ್ಸಿ. ಮಾಡಿದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಈಗ ಬೆಳಗಾವಿಯ ಒಂದು ಫೌಂಡ್ರಿಯ ಲ್ಯಾಬಿನಲ್ಲಿ ಕೆಲಸ.

ಹೋದ ಮಳೆಗಾಲದಲ್ಲಿ ಮರದ ಟೊಂಗೆ ಬಿದ್ದು ಕೊಟ್ಟಿಗೆಯ ತೆಳು ತಗಡು ಹರಿದು, ಒಂದು ಎಮ್ಮೆಯ ಬೆನ್ನು ಸೀಳಿತ್ತು. ಅದಕ್ಕೇ ಈ ಸಲ ಅಪ್ಪ ಬೆಳಗಾವಿಯಿಂದ ಅರ್ಧ ಮಿಲಿಮೀಟರ್ ದಪ್ಪದ್ದೆಂದು ಅಲೆಅಲೆಯಾದ ಉಕ್ಕಿನ ತಗಡು ತರಿಸಿದ. ತೂತು ಹಾಕಿದರೆ ವಾಪಸ್ ಇಲ್ಲ ಎಂದು ಅಂಗಡಿಯವನ ಷರತ್ತು. ರವಿವಾರ ನಾನು ಊರಿಗೆ ಹೋದಾಗ ಅಪ್ಪ ಡ್ರಿಲ್ ಹಿಡಿದೇ ನಿಂತಿದ್ದ.

"ಅರ್ಧ ಐತೋ ಇಲ್ಲೋ ನೋಡಿ ಹೇಳವಾ. ನೀ ಹೂಂ ಅಂದ್ರ ಹೊಡೀತೀನಿ."

ದಪ್ಪ ಅಳೆಯುವ ಸ್ಕ್ರೂ ಗೇಜ್ ಲ್ಯಾಬಿನದು, ಮನೆಗೆ ತರುವಂತಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಒಂದು ತಗಡನ್ನು ಹಾಲಿನ ಡೇರಿಯ ಕಾಟಾದ ಮೇಲಿಟ್ಟು ತೂಗಿದೆವು: ಒಂಬತ್ತು ಕಿಲೋ ನಾನೂರಿಪ್ಪತ್ತು ಗ್ರಾಂ. ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ 7.85 ಗ್ರಾಂ. ಭಾಗಿಸಿದರೆ ತಗಡಿನಲ್ಲಿ ಇರುವುದು 1,200 ಘನ ಸೆಂಟಿಮೀಟರ್ ಉಕ್ಕು. ಅದನ್ನು ಉದ್ದ ಮುನ್ನೂರು, ಅಗಲ ಎಂಬತ್ತು ಸೆಂಟಿಮೀಟರಿನಿಂದ ಭಾಗಿಸಿದೆ. ಬರೋಬ್ಬರಿ ಅರ್ಧ ಮಿಲಿಮೀಟರ್!

"ಖರೇ ಐತ್ಯಪ್ಪಾ, ಹೊಡಿ."

ಮೊದಲ ತಗಡಿಗೆ ತೂತು ಬಿತ್ತು. ಕಟ್ಟೆಯ ಮೇಲೆ ಕುಂತಿದ್ದ ಅವ್ವ ಕೇಳಿದಳು, "ಅಗಲ ಹೆಂಗ ಅಳದಿ?"

"ಈ ಅಂಚಿಂದ ಆ ಅಂಚಿಗೆ ಟೇಪ್ ಹಿಡದೆ."

"ನೆರಿಗಿ ಹಿಡದ ಸೀರಿ ಮ್ಯಾಲ ಟೇಪ್ ಇಟ್ಟು, ಸೀರಿ ಇಷ್ಟ ಉದ್ದ ಐತಿ ಅಂತಾರೇನು? ಕಾಲೇಜಿನ್ಯಾಗ ಇದನ್ನ ಕಲಸಲಿಲ್ಲೇನು?"

ಡ್ರಿಲ್ ನಿಂತಿತು. ಅವ್ವ ದಾರ ತಂದಳು. ಅಲೆಯ ಏರಿಗೆ ಏರಿಸಿ, ಇಳಿವಿಗೆ ಒತ್ತಿ ಹಿಡಿದು ಅಳೆದರೆ ನೂರು ಸೆಂಟಿಮೀಟರ್. ಮತ್ತೆ ಭಾಗಿಸಿದೆ: 0.4 ಮಿಲಿಮೀಟರ್. ತಪ್ಪು ನನ್ನದೇ. ಆದರೆ ಈಗ ಉತ್ತರ ಸರಿಯಾಗಿತ್ತು, ಅದರ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ.

ಮರುದಿನ ತಗಡುಗಳನ್ನು ಟೆಂಪೋಕ್ಕೆ ಹೇರಿ ಅಪ್ಪನೊಂದಿಗೆ ಅಂಗಡಿಗೆ ಹೋದೆ.

"ಅಕ್ಕಾರ, ಕೈಲೆ ಮುಟ್ಟಿ ನೋಡ್ರಿ, ಎಷ್ಟ ಗಟ್ಟಿ ಐತಿ," ಎಂದ ಅಂಗಡಿಯವ.

"ಮುಟ್ಟೂದು ಬ್ಯಾಡ್ರಿ. ನಿಮ್ಮ ಕಾಟಾದ ಮ್ಯಾಲ ಇಡ್ರಿ."

ಬಿಲ್ಲಿನ ಹಿಂದೆಯೇ ಲೆಕ್ಕ ಬರೆದೆ. ಅವನು ತಡೆದ: "ಅಗಲ ಎಂಬತ್ತ ಅಲ್ಲೇನ್ರಿ?"

"ನಿನ್ನೆ ನಾನೂ ಹಂಗ ಅಂದಿದ್ನಿರೀ," ಎಂದು ದಾರ ಹಾಸಿ ತೋರಿಸಿದೆ.

ಆತ ದಾರವನ್ನೂ ಅಪ್ಪನನ್ನೂ ನೋಡಿದ. ಗೋದಾಮಿನಿಂದ ಬೇರೆ ತಗಡು ಬಂದವು. ತೂತು ಬಿದ್ದದ್ದನ್ನು ಮಾತ್ರ ವಾಪಸ್ ತಗೊಳ್ಳಲಿಲ್ಲ. ನಾನೂ ವಾದ ಮಾಡಲಿಲ್ಲ. ಹೊಸ ತಗಡು ಒಂದೊಂದೂ ಹನ್ನೊಂದೂ ಮುಕ್ಕಾಲು ಕಿಲೋದ ಮೇಲೆ ತೂಗಿತು.

ಊರಿಗೆ ಬಂದು ಅಪ್ಪ ಮತ್ತೆ ಡ್ರಿಲ್ ಎತ್ತಿಕೊಂಡ. "ಈಗ ಹೊಡೀಲೇನು? ಇಲ್ಲಾ ನಿಮ್ಮವ್ವನ್ನ ಕೇಳ್ಲೇನು?"

"ಹೊಡಿಯಪ್ಪಾ," ಎಂದೆ.