ಉಪವಾಸ ಮುರಿದ ಮೇಲೂ ಮುತ್ಯಾಲಮ್ಮ ಕೈಬಿಡಲಿಲ್ಲ

ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಆ ಬುಧವಾರ ನನ್ನ ಮಗಳು ಮಂಜುಳಾ ಸಾಯಬೇಕಿತ್ತು. ಸಾಯಲಿಲ್ಲ. ಅದು ಮುತ್ಯಾಲಮ್ಮನ ಕೃಪೆ. ಆ ಕೃಪೆ ಯಾವ ದಾರಿಯಲ್ಲಿ ಬಂತು ಎಂಬುದನ್ನು ತಾಯಿಗೆ ನಡೆದುಕೊಳ್ಳುವ ನಿಮಗೆಲ್ಲ ಇದ್ದದ್ದು ಇದ್ದ ಹಾಗೆ ತಿಳಿಸುತ್ತೇನೆ. ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ.

ನಾನು ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ಕಸ ಗುಡಿಸುತ್ತೇನೆ. ಕಸ ಎಂದರೆ ಮಷಿನ್ನಿನಿಂದ ಬೀಳುವ ಲೋಹದ ಸುರುಳಿ. ಮಂಜುಳಾ ಹಿಂದಿನ ರಸ್ತೆಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಅವಳ ಗಂಡ ಬಿಟ್ಟು ಹೋಗಿದ್ದಾನೆ. ನನಗೆ ಅವಳು, ಅವಳಿಗೆ ನಾನು. ನಮ್ಮ ರೂಮಿನ ಮುಂದೆ ಒಂದು ಮೋರಿ ಇದೆ, ನೀರು ನಿಂತು ಹಸಿರು ಕಟ್ಟಿದೆ. ಹೂಳು ಎತ್ತಿಸಿ ಎಂದು ಕಾರ್ಪೊರೇಷನ್ನಿನವರಿಗೆ ಹೇಳಿ ಹೇಳಿ ಬಾಯಿ ಸೋತಿತು. ಚಂದ್ರನ ಮೇಲೆ ನೀರಿದೆಯಾ ಎಂದು ನೋಡಲು ಹೋಗಿದ್ದಾರೆ ಎಂದು ಟಿವಿಯಲ್ಲಿ ಹೇಳುತ್ತಿದ್ದ ವಾರವೇ ಆ ಮೋರಿಯ ಸೊಳ್ಳೆ ನನ್ನ ಮಗಳಿಗೆ ಕಚ್ಚಿತು.

ಶ್ರಾವಣದ ಶುಕ್ರವಾರ ಜ್ವರ ಬಂತು. ಸೋಮವಾರ ಎದ್ದು ನಿಲ್ಲಲಾರದೆ ಬಿದ್ದಳು. ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದೆ. ಡೆಂಗ್ಯೂ ಎಂದರು. ಒಂದೇ ಮಂಚದಲ್ಲಿ ಇಬ್ಬರನ್ನು ಮಲಗಿಸಿದ್ದರು, ಅಷ್ಟು ಜನ ಅದೇ ಜ್ವರದವರು. ಅವತ್ತು ಸಂಜೆ ನಾನು ಬಸ್ಸಿನಲ್ಲಿ ವಾಪಸ್ ಬಂದು ಮುತ್ಯಾಲಮ್ಮನ ಗುಡಿಯಲ್ಲಿ ಮುಡಿಪು ಕಟ್ಟಿದೆ. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ, "ತಾಯಿ, ನನ್ನ ಮಗಳು ಎದ್ದು ಕೂತು ನನ್ನ ಕೈಯಿಂದ ಅನ್ನ ತಿನ್ನುವವರೆಗೆ ನಾನು ನೀರು ಬಿಟ್ಟು ಏನೂ ಬಾಯಿಗೆ ಹಾಕುವುದಿಲ್ಲ" ಎಂದು ಮಾತು ಕೊಟ್ಟೆ. ತಾಯಿಗೆ ಕೊಟ್ಟ ಮಾತು ಎಂಥದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮಂಗಳವಾರ ಅವಳ ವಸಡಿನಲ್ಲಿ ರಕ್ತ ಬಂತು. ಡಾಕ್ಟರ್ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. "ಅಜ್ಜಿ, ಪ್ಲೇಟ್ಲೆಟ್ ತುಂಬಾ ಕಮ್ಮಿ ಆಗಿದೆ. ನಮ್ಮ ಹತ್ರ ಸ್ಟಾಕ್ ಇಲ್ಲ. ಅವರ ಗ್ರೂಪಿನವರು ಯಾರಾದ್ರೂ ಇದ್ರೆ ನಾಳೆ ಕರ್ಕೊಂಡು ಬನ್ನಿ. ನಾಳೆ ರಾತ್ರಿ ದಾಟಬಾರದು" ಎಂದಳು. ನನ್ನದು ತೆಗೆದುಕೊಳ್ಳಿ ಎಂದೆ. ನಿಮ್ಮ ವಯಸ್ಸಿನವರದು ತೆಗೆಯಲ್ಲ ಎಂದಳು.

ಶೆಡ್ಡಿನವರ ಕುತ್ತಿಗೆಯಲ್ಲಿ ನೇತಾಡುವ ಕಾರ್ಡಿನಲ್ಲಿ ರಕ್ತದ ಗುಂಪು ಬರೆದಿರುತ್ತದೆ. ಫೋನ್ ಮಾಡಿ ಕೇಳಿಸಿದೆ. ಮಂಜುಳಾಳ ಗುಂಪು ಎಲ್ಲರಿಗೂ ಇರುವಂಥದ್ದಲ್ಲ, ಆದರೂ ಇಬ್ಬರು ಸಿಕ್ಕಿದರು. ಒಬ್ಬರು ಸೂಪರ್‌ವೈಸರ್ ಶಿವಣ್ಣ, ನಮ್ಮ ಕಡೆಯವರೇ. ಇನ್ನೊಬ್ಬ ಲೇತ್ ಓಡಿಸುವ ಬಸವರಾಜ, ಕೊಪ್ಪಳದ ಕಡೆಯವನು. ಇಬ್ಬರೂ ಬುಧವಾರ ಮಧ್ಯಾಹ್ನ ಬರುತ್ತೇವೆ ಎಂದರು. ನಾನು ಕೂತಲ್ಲೇ ತಾಯಿಗೆ ಕೈ ಮುಗಿದೆ.

ಬುಧವಾರ ಬೆಳಿಗ್ಗೆ ಮಗಳಿಗೆ ಬಟ್ಟೆ ತರಲು ರೂಮಿಗೆ ಹೋಗಿದ್ದೆ. ಬರುವಾಗ ಬಸ್ಸಿನ ತುಂಬ ಚಂದ್ರನದೇ ಮಾತು. ಕಂಡಕ್ಟರ್ ನನ್ನನ್ನು ಕೇಳಿದ, "ಅಜ್ಜಿ, ಸಾಯಂಕಾಲಕ್ಕೆ ಮನೇಲಿ ಟಿವಿ ಐತಾ?"

"ಮಗಳು ಆಸ್ಪತ್ರೇಲವಳೆ ಕಣಪ್ಪ."

"ಅವಳಿಗೂ ಒಳ್ಳೇದಾಯ್ತದೆ ಬಿಡಿ. ದೇಶಕ್ಕೇ ಒಳ್ಳೇದಾಗೋ ದಿನ ಇವತ್ತು."

ದೇಶಕ್ಕೆ ಒಳ್ಳೆಯದಾದರೆ ನನ್ನ ಮಗಳ ವಸಡಿನ ರಕ್ತ ಹೇಗೆ ನಿಲ್ಲುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಪಾಪ, ಅವನು ನಗುನಗುತ್ತಾ ಇದ್ದ.

ಮಧ್ಯಾಹ್ನ ಇಬ್ಬರೂ ಬಂದರು. ಬಂದದ್ದು ಬಂದರು, ಆದರೆ ಹಣೆಯ ತುಂಬ ಕುಂಕುಮ, ಕೈಗೆ ಹಳದಿ ದಾರದ ಕಂಕಣ. ರಕ್ತ ತೆಗೆಯುವ ಮೇಡಂ ಮೊದಲು ಕೇಳಿದ್ದು, "ತಿಂಡಿ ಏನು ತಿಂದಿದ್ದೀರಾ?"

"ಏನೂ ಇಲ್ಲ ಮೇಡಂ. ಉಪವಾಸ" ಎಂದರು ಶಿವಣ್ಣ, ಎದೆ ಉಬ್ಬಿಸಿಕೊಂಡು.

"ಏನು ಉಪವಾಸ?"

"ಅದು ಇಳಿಯೋವರ್ಗೂ ನೀರೂ ಮುಟ್ಟಲ್ಲ ಅಂತ ಶೆಡ್ಡಿನವರೆಲ್ಲ ಸಂಕಲ್ಪ ಮಾಡಿದ್ದೀವಿ ಮೇಡಂ. ನಮ್ಮ ಶೆಡ್ಡಿನ ಪಾರ್ಟ್ ಅದರಲ್ಲಿ ಐತೆ."

ಇದನ್ನು ನಾನು ಹೇಳಬೇಕು. ಉಂಗುರದಂಥ ಒಂದು ಸಣ್ಣ ತುಂಡು ನಮ್ಮ ಶೆಡ್ಡಿನಲ್ಲಿ ಆಗಿತ್ತು, ನಿಜ. ಆ ಆರ್ಡರ್ ದೊಡ್ಡ ಕಂಪನಿಗೆ ಬಂದು, ಅಲ್ಲಿಂದ ಸಣ್ಣ ಕಂಪನಿಗೆ ಬಂದು, ಕೊನೆಗೆ ನಮಗೆ ಬಂದದ್ದು. ಅದು ಮೇಲಕ್ಕೆ ಹೋಯಿತೋ, ಯಾವುದಾದರೂ ಗೋಡೌನಿನಲ್ಲಿ ಕೂತಿತೋ, ಮಾಲೀಕರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಗೇಟಿಗೆ ಬ್ಯಾನರ್ ಕಟ್ಟಿಸಿದ್ದರು. ಪೂಜೆ ಮಾಡಿಸಿ, ಮಷಿನ್ನಿಗೆ ಹಾರ ಹಾಕಿಸಿ, ಎಲ್ಲರ ಕೈಗೂ ದಾರ ಕಟ್ಟಿಸಿದ್ದರು. ನಾನು ಆಸ್ಪತ್ರೆಯಲ್ಲಿದ್ದೆ, ನನಗೆ ಇದೊಂದೂ ತಿಳಿದಿರಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. "ಖಾಲಿ ಹೊಟ್ಟೇಲಿ ತೆಗೆಯಲ್ಲ. ಮಷಿನ್ ಮೇಲೆ ಗಂಟೆಗಟ್ಟಲೆ ಮಲಗಬೇಕು, ತಲೆ ಸುತ್ತಿ ಬಿದ್ದರೆ ಯಾರು ಜವಾಬ್ದಾರಿ? ಹೋಗಿ ಊಟ ಮಾಡಿ ಬನ್ನಿ, ಆಮೇಲೆ ಟೆಸ್ಟ್ ಮಾಡ್ತೀವಿ."

ಸರಿ, ಉಂಡು ಬರುತ್ತಾರೆ ಎಂದುಕೊಂಡೆ. ಹೊರಗೆ ಕರೆದುಕೊಂಡು ಬಂದು ಕ್ಯಾಂಟೀನಿನಿಂದ ಇಡ್ಲಿ ಕಟ್ಟಿಸಿ ತಂದೆ. ಇಬ್ಬರೂ ಕೈ ಹಾಕಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏಳು ಗಂಟೆಗೆ ತಿಂದು ಕೊಟ್ಟರಾಗಲ್ವಾ ನಿಂಗಮ್ಮ?" ಎಂದರು ಶಿವಣ್ಣ. "ಅದು ಆರು ಗಂಟೆಗೆ ಇಳಿದುಬಿಡ್ತದೆ."

"ಏಳು ಗಂಟೆಗೆ ತಿಂದು, ಆಮೇಲೆ ಟೆಸ್ಟು, ಆಮೇಲೆ ಮಷಿನ್ನು. ಅಷ್ಟೊತ್ತಿಗೆ ನನ್ನ ಮಗಳು ಇರ್ತಾಳಾ ಶಿವಣ್ಣ?"

"ಅಂಗಲ್ಲ. ದೇಶದ ಕೆಲಸ. ಈಗ ಮುರಿದು, ಅಲ್ಲಿ ಏನಾದ್ರೂ ಎಚ್ಚುಕಮ್ಮಿ ಆದ್ರೆ?"

"ಏನಣ್ಣ, ನೀನು ಇಡ್ಲಿ ತಿಂದ್ರೆ ಆ ಭಾರಕ್ಕೆ ಅದು ಬಿದ್ದೋಯ್ತದಾ?"

ಶಿವಣ್ಣನಿಗೆ ಸಿಟ್ಟು ಬಂತು. ಗಂಡಸರಿಗೆ ಉತ್ತರ ಗೊತ್ತಿಲ್ಲದಿದ್ದರೆ ಸಿಟ್ಟು ಬರುತ್ತದೆ. ಶೆಡ್ಡಿನಲ್ಲಿ ಸಂಜೆಗೂ ಪೂಜೆ ಇದೆ, ನಾನು ಇರಲೇಬೇಕು ಎಂದು ಎದ್ದು ಹೋದರು. ಹೋಗುವಾಗ ಮಂಜುಳಾಳ ಹೆಸರಿನಲ್ಲೂ ಅರ್ಚನೆ ಮಾಡಿಸುತ್ತೇನೆ ಎಂದರು. ಅದನ್ನು ನಾನು ಈಗಲೂ ಮರೆತಿಲ್ಲ.

ಬಸವರಾಜ ಹೋಗಲಿಲ್ಲ. ತಿನ್ನಲೂ ಇಲ್ಲ. ತಲೆ ತಗ್ಗಿಸಿ ಮೆಟ್ಟಿಲ ಮೇಲೆ ಕೂತ.

"ನಿಂದೇನ್ಲಾ?"

"ಯಮ್ಮಾ, ನಗಬ್ಯಾಡ್ರಿ. ಹ್ವಾದ ಸಲ ಅದು ಬಿತ್ತಲ್ಲ, ಅವತ್ತು ನಾ ಕೋಳಿ ಊಟ ಮಾಡಿದ್ದೆ. ಎಲ್ಲಾರೂ ಕೈ ಮುಗಕೊಂಡು ಕುಂತಿದ್ರು, ನಾ ಹೊಟ್ಟಿ ತುಂಬ ಉಂಡು ಮಕ್ಕೊಂಡಿದ್ದೆ. ಅವತ್ತಿಂದ ಎದಿಯಾಗ ಚುಚ್ಚತೈತಿ. ಈ ಸಲ ಆ ಉಂಗುರ ನನ್ನ ಕೈಯಾಗ ಆಗೇತಿ."

"ನಿನ್ನ ಕೋಳಿ ಊಟಕ್ಕೆ ಅದು ಬಿತ್ತು ಅಂತ ಯಾರು ಏಳಿದ್ರು ನಿಂಗೆ?"

"ಯಾರೂ ಹೇಳಿಲ್ಲರಿ. ನನಗ ಗೊತ್ತೈತಿ." ನನ್ನ ಮುಡಿಪಿನ ವಿಷಯ ಫೋನಿನಲ್ಲೇ ಅವನಿಗೆ ಹೇಳಿದ್ದೆ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ, "ನೀವೂ ಸ್ವಾಮಾರದಿಂದ ಉಪಾಸ ಅದೀರಲ್ಲ. ನಿಮ್ಮ ದೇವಿಗಿ ಕೊಟ್ಟ ಮಾತು ನೀವು ಮುರೀತೀರೇನು?"

ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ ಅವನು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ.

ಭಕ್ತರೇ, ನಾನು ಹೆದರಿದೆ. ಮಾತು ತಪ್ಪಿದವರ ಮನೆಯಲ್ಲಿ ತಾಯಿ ಏನು ಮಾಡುತ್ತಾಳೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ನಾನು ಈ ಇಡ್ಲಿ ಮುರಿದರೆ ಮೇಲಿನ ವಾರ್ಡಿನಲ್ಲಿ ಮಂಜುಳಾಳ ಉಸಿರು ಅಲ್ಲೇ ನಿಂತರೆ? ತಿನ್ನದಿದ್ದರೂ ರಾತ್ರಿಗೆ ನಿಲ್ಲುತ್ತದೆ. ಶಿವಣ್ಣನನ್ನು ಬೈದ ನಾನೂ ಅವರ ಹಾಗೆಯೇ ಕೂತಿದ್ದೇನಲ್ಲ ಎನಿಸಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮನಸ್ಸಿನಲ್ಲೇ ಹೇಳಿದೆ, "ನೋಡು ತಾಯಿ, ನಿನಗೆ ಮಾತು ದೊಡ್ಡದೋ ಮಗು ದೊಡ್ಡದೋ ನನಗೆ ಗೊತ್ತಿಲ್ಲ. ನನಗೆ ಮಗು. ಹೊಡೆಯುವುದಾದರೆ ನನಗೆ ಹೊಡಿ."

ಇಡ್ಲಿ ಮುರಿದು ಬಾಯಿಗಿಟ್ಟೆ. ನೀರು ಕುಡಿದು ನುಂಗಿದೆ. ಇನ್ನೊಂದು ತುತ್ತು ತಿಂದೆ, ಅವನಿಗೆ ಕಾಣುವ ಹಾಗೆ.

"ತಿಂದೆ ಕಣ್ಲಾ. ನನ್ನ ದೇವರು ನೋಡ್ಕೊಳ್ಳಿ. ಈಗ ನೀನು ತಿನ್ನು. ಅದು ಬಿದ್ರೆ ನಿಂಗಮ್ಮ ಬೀಳಿಸಿದ್ಲು ಅಂತ ಶೆಡ್ಡಿನಲ್ಲೆಲ್ಲ ಏಳು."

ಬಸವರಾಜ ಕಂಕಣದ ದಾರವನ್ನು ಹಲ್ಲಿನಿಂದ ಕಿತ್ತು, ಮಡಚಿ ಜೇಬಿಗೆ ಹಾಕಿದ. ಕಣ್ಣು ಮುಚ್ಚಿಕೊಂಡು ಇಡ್ಲಿ ತಿಂದ. ಅಷ್ಟು ದೊಡ್ಡ ಗಂಡಸು, ಕೆನ್ನೆಯ ಮೇಲೆ ನೀರು.

ಟೆಸ್ಟು ಸರಿ ಬಂತು. ಅವನನ್ನು ಮಷಿನ್ನಿಗೆ ಹಾಕುವ ಹೊತ್ತಿಗೆ ಸಂಜೆಯಾಗಿತ್ತು. ರಕ್ತ ಎಳೆದು, ಬೇಕಾದ್ದನ್ನು ಮಾತ್ರ ಚೀಲಕ್ಕೆ ಬಿಟ್ಟು, ಉಳಿದದ್ದನ್ನು ವಾಪಸ್ ಅವನ ಮೈಗೇ ಕಳಿಸುತ್ತದೆ ಆ ಮಷಿನ್ನು. ನಾನು ಬಾಗಿಲಲ್ಲಿ ನಿಂತೆ. ಕಾರಿಡಾರಿನ ಟಿವಿಯ ಮುಂದೆ ಡಾಕ್ಟರು, ನರ್ಸು, ರೋಗಿಗಳ ಕಡೆಯವರು, ವಾಚ್‌ಮನ್ನು ಎಲ್ಲರೂ ಸೇರಿದ್ದರು. ಡ್ರಿಪ್ ಬಾಟಲಿಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಒಬ್ಬ ನಿಂತಿದ್ದ. ಮೇಡಂ ಎರಡು ಸಲ ಬಾಗಿಲ ಕಡೆ ನೋಡಿದರು. "ಒಂದೇ ನಿಮಿಷ ನೋಡಿ ಬರ್ತೀನಿ ಅಜ್ಜಿ" ಎಂದರು.

"ನೀವು ಓಗ್ಬೇಡಿ ಮೇಡಂ" ಎಂದೆ. ಅವರು ಹೋಗಲಿಲ್ಲ. ಅವರಿಗೂ ತಾಯಿ ಒಳ್ಳೆಯದು ಮಾಡಲಿ.

ಹೊರಗೆ ಒಮ್ಮೆಲೇ ಚಪ್ಪಾಳೆ, ಕೂಗು. ಆಸ್ಪತ್ರೆ ಗೇಟಿನಲ್ಲೇ ಪಟಾಕಿ ಹೊಡೆದರು. ಯಾರೋ ಓಡಿ ಬಂದು, "ಬಾಯಿ ತೆಗೀರಿ ಅಜ್ಜಿ, ಗೆದ್ದುಬಿಟ್ವಿ!" ಎಂದು ನನ್ನ ಬಾಯಿಗೆ ಲಾಡು ತುರುಕಿದರು. ನಾವು ಗೆದ್ದೆವಂತೆ. ವಾರ್ಡಿನಲ್ಲಿ ಮಂಚಕ್ಕೆ ಇಬ್ಬರು ಮಲಗಿದ್ದವರೂ ಗೆದ್ದರು. ನಾನು ಲಾಡು ಉಗಿಯಲಿಲ್ಲ. ಮುರಿದ ಉಪವಾಸ ಹೇಗೂ ಮುರಿದಿತ್ತು.

ಒಳಗಿನಿಂದ ಬಸವರಾಜ ಕೇಳಿದ, "ಇಳೀತೇನ್ರಿ ಯಮ್ಮಾ?"

"ಇಳೀತು ಕಣಪ್ಪ. ಸರಿಯಾಗಿ ಇಳೀತು."

ಚಪ್ಪಾಳೆ ಹೊಡೆಯಲು ಆಗಲಿಲ್ಲ ಅವನಿಗೆ, ತೋಳಿನಲ್ಲಿ ಸೂಜಿ ಇತ್ತು. ಕಾಲಿನ ಬೆರಳು ಅಲ್ಲಾಡಿಸಿ ನಕ್ಕ.

ಚೀಲ ಮಗಳ ಮೈಗೆ ಹೋಯಿತು. ಗುರುವಾರ ಬೆಳಿಗ್ಗೆ ವಸಡಿನ ರಕ್ತ ನಿಂತಿತು. ಶನಿವಾರ ಎದ್ದು ಕೂತು, "ಅಮ್ಮ, ಬಿಸಿಬಿಸಿ ಸಾರು ಇದ್ಯಾ?" ಎಂದಳು. ನನ್ನ ಕೈಯಿಂದಲೇ ಅನ್ನ ತಿಂದಳು.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ನಡೆದದ್ದನ್ನು ಮುಚ್ಚಿಡಲಾರೆ. ಮುಂದಿನ ವಾರ ಶೆಡ್ಡಿನಲ್ಲಿ ಸನ್ಮಾನ ಮಾಡಿದರು. ಉಪವಾಸ ಮಾಡಿದವರಿಗೆಲ್ಲ ಶಾಲು. ಶಿವಣ್ಣ ಮುಂದಿನ ಕುರ್ಚಿಯಲ್ಲಿ ಕೂತು, "ನಮ್ಮ ಹಸಿವೇ ಅದನ್ನ ಇಳಿಸಿದ್ದು" ಎಂದು ಭಾಷಣ ಮಾಡಿದರು. ಬಸವರಾಜನಿಗೆ ಶಾಲು ಇಲ್ಲ. ಹುಡುಗರು ಅವನನ್ನು "ಇಡ್ಲಿ ಬಸವ" ಎನ್ನುತ್ತಾರೆ. ಉಂಗುರ ಮಾಡಿದವನು ಅವನು, ರಕ್ತ ಕೊಟ್ಟವನೂ ಅವನು. ನಾನು ಪೊರಕೆ ಹಿಡಿದು ನಿಂತಿದ್ದೆ. "ನೀನು ತಿಂದ್ರೂ ಇಳೀತಲ್ಲಾ, ಇನ್ನೇನ್ಲಾ ಚುಚ್ಚಾಟ?" ಎಂದು ಕೇಳಿದೆ. "ಈಗ ಚುಚ್ಚಂಗಿಲ್ಲರಿ" ಎಂದ. ಅಷ್ಟಾದರೂ ಆಯಿತು. ಮೋರಿ ಇನ್ನೂ ಹಾಗೆಯೇ ಇದೆ.

ಮಂಜುಳಾಳನ್ನು ಕರೆದುಕೊಂಡು ಗುಡಿಗೆ ಹೋದೆ. ತಾಯಿಯ ಪಾದದ ಹತ್ತಿರ ರಾಕೆಟ್ಟಿನ ಫೋಟೋಗೆ ಇನ್ನೂ ಹಾರ ಇತ್ತು. ಪೂಜಾರಪ್ಪನಿಗೆ ಎಲ್ಲ ಹೇಳಿದೆ. ಅವರು ನಾಲಿಗೆ ಕಚ್ಚಿಕೊಂಡರು. "ಮಾತು ತಪ್ಪಿದ್ದೀಯ ನಿಂಗಮ್ಮ. ತಪ್ಪುಕಾಣಿಕೆ ಇಡು. ಇಲ್ಲದಿದ್ರೆ ಒಳ್ಳೇದಲ್ಲ."

"ತಪ್ಪಾಗಿದ್ರೆ ಇಡ್ತಿದ್ದೆ ಪೂಜಾರಪ್ಪ. ತಾಯಿನೇ ಕೇಳ್ತೀನಿ, ತಡೀರಿ."

ಮುಡಿಪನ್ನು ಅವಳ ಮುಂದಿಟ್ಟು, ತಪ್ಪಾಗಿದ್ದರೆ ಹೇಳು ಎಂದು ಕೇಳಿ ನಿಂತೆ. ಹೂವೇನೂ ಬೀಳಲಿಲ್ಲ, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಪೂಜಾರಪ್ಪ ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಮಂಜುಳಾ, "ಕಾಲು ನೋಯ್ತದೆ ಅಮ್ಮ, ಬೇಗ ಬಾ" ಎಂದಳು. ಸತ್ತವಳಿಗೆ ಕಾಲು ನೋಯುವುದಿಲ್ಲ. ನನಗೆ ಉತ್ತರ ಸಿಕ್ಕಿತು. ತಪ್ಪುಕಾಣಿಕೆ ಇಡದೆ, ಮಂಗಳಾರತಿ ತೆಗೆದುಕೊಂಡು ಬಂದೆ.

ಮುತ್ಯಾಲಮ್ಮ, ನಿನಗೆ ಶರಣು. ಹಸಿದವರ ಕೂಗು ಮಾತ್ರ ನಿನಗೆ ಕೇಳಿಸುತ್ತದೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಉಂಡು ಕೈ ತೊಳೆದವರದೂ ಕೇಳಿಸುತ್ತದೆ. ನಂಬದವರು ಬಂದು ನನ್ನ ಮಗಳನ್ನು ನೋಡಬಹುದು. ಅವಳಿಗೆ ಈಗ ಸೆಕೆಂಡ್ ಶಿಫ್ಟು, ಬೆಳಿಗ್ಗೆ ಮನೆಯಲ್ಲೇ ಇರುತ್ತಾಳೆ. ಯಾರೇ ಬಂದರೂ ಮೊದಲು ತಿಂಡಿ ತಿನ್ನಿಸುತ್ತೇನೆ.